ಹೊಸ ಸೆಟ್ಟು, ಹಳೇ ಚುಕ್ಕಿ

ಬಾಬಿನ್ ಗೂಡನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಬ್ರಷ್ಷಿನಿಂದ ನೂಲಿನ ಧೂಳನ್ನು ಬಳಿದೆ. ಆಮೇಲೆ ಮುರಿದ ಸೂಜಿಯ ಚೂರುಗಳನ್ನು ಚಿಮಟದ ತುದಿಯಲ್ಲಿ ಹಿಡಿದು, ಒಂದೊಂದಾಗಿ ಹಳೆಯ ಪತ್ರಿಕೆಯ ಮೇಲೆ ಇಟ್ಟೆ.

ಅದು ಕಾಲರ್ ಅತ್ತೆಯ ಹೊಲಿಗೆ ಮಿಷನ್. ಅವರು ಒಂದು ಅಂಗಡಿಗೆ ಅಂಗಿಯ ಕಾಲರ್ ಮಾತ್ರ ಹೊಲಿದು ಕೊಡುತ್ತಾರೆ. ಹಾಗಾಗಿ ಬೀದಿಗೆಲ್ಲ ಅವರು ಕಾಲರ್ ಅತ್ತೆ. ನಾಲ್ಕು ದಿನದ ಹಿಂದೆ ನನ್ನ ಅಪ್ಪ ಈ ಮಿಷನ್ನನ್ನು ರಿಪೇರಿ ಮಾಡಿ ಕಳಿಸಿದ್ದರು. ಇವತ್ತು ಅದು ವಾಪಸು ಬಂದಿತ್ತು. ಅತ್ತೆಯ ಎಡಗಣ್ಣಿನ ಕೆಳಗೆ ಬಿಳಿ ಪಟ್ಟಿ ಅಂಟಿಸಿತ್ತು.

“ಎಷ್ಟು ಚೂರು ಸಿಕ್ತು?” ಅಪ್ಪ ಕೇಳಿದರು.

“ಎರಡು.”

“ಮೂರು ಇರಬೇಕಲ್ಲ?”

“ಮೂರನೇದು ನನ್ನ ಕೆನ್ನೆಗೆ ಬಂದಿತ್ತು ಮೇಸ್ತ್ರಿ,” ಅತ್ತೆ ಅಂದರು. “ಡಾಕ್ಟರು ತೆಗೆದು ಕೈಗೆ ಕೊಟ್ಟಿದ್ದಾರೆ. ಜೋಡಿಸಿ ನೋಡ್ಬೇಕು ಅಂದ್ರೆ ತಂದುಕೊಡ್ತೀನಿ.”

ಬಾಗಿಲಲ್ಲಿ ನಿಂತಿದ್ದ ಅಮ್ಮ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಅತ್ತೆ ನಗುತ್ತಿರಲಿಲ್ಲ. “ಒಂದು ಬೆರಳು ಮೇಲೆ ಬಿದ್ದಿದ್ರೆ ಕಣ್ಣಿಗೇ ಹೋಗ್ತಿತ್ತು,” ಅಂದರು.

ನಾನು ತಲೆ ಎತ್ತಲಿಲ್ಲ. ಆ ಚೂರು ಅತ್ತೆಯ ಕೆನ್ನೆಗೆ ಹಾರಿದ್ದು ನನ್ನಿಂದ. ಅದು ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಅಪ್ಪ ಮಿಷನ್ ರಿಪೇರಿ ಮಾಡುವುದು ಕಿವಿಯಿಂದ. ಸ್ಕ್ರೂಡ್ರೈವರಿನ ಕಬ್ಬಿಣದ ತುದಿಯನ್ನು ಮಿಷನ್ನಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಒಳಗೆ ಸೂಜಿ ನೂಲು ಹಿಡಿಯುವ ಕೊಕ್ಕೆಗೆ ಒಂದು ಕೂದಲೆಳೆಯಷ್ಟು ತಗಲಿದರೂ ‘ಟಿಕ್’ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದನ್ನು ಅಲ್ಲೇ ಹಿಡಿದು ಸರಿ ಮಾಡದಿದ್ದರೆ ಇವತ್ತಲ್ಲ ನಾಳೆ ಸೂಜಿ ಮುರಿದು ಹಾರುತ್ತದೆ. ಎಷ್ಟೋ ಜನ ಹತ್ತಿರದ ಅಂಗಡಿಗಳನ್ನು ಬಿಟ್ಟು, ಮಿಷನ್ ಹೊತ್ತುಕೊಂಡು ನಮ್ಮಲ್ಲಿಗೆ ಬರುತ್ತಿದ್ದದ್ದು ಅಪ್ಪನ ಆ ಕಿವಿಗಾಗಿ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಅಂದಿನಿಂದ ಅಪ್ಪನ ಪಕ್ಕದಲ್ಲಿ ಕೂತು ಧೂಳು ತೆಗೆಯುವುದು, ಎಣ್ಣೆ ಬಿಡುವುದು, ಬೆಲ್ಟು ಹಾಕುವುದು ನನ್ನ ಕೆಲಸ. ಗಿರಾಕಿಗಳು ಬಂದರೆ ಮಿಷನ್ನಿನ ಹಿಂದೆ ಮುಖ ಮರೆಸಿಕೊಳ್ಳುತ್ತೇನೆ. ಮಾತು ಕಡಿಮೆ. ಮಾತಿನ ಬದಲು ನಮ್ಮ ಮುಂದಿನ ಕೋಣೆಯಲ್ಲಿ ದಿನವೆಲ್ಲ ಹಾಡು ಇರುತ್ತಿತ್ತು.

ಮೊದಲು ಇದ್ದ ಹಾಡಿನ ಸೆಟ್ಟು ನನಗಿಂತ ದೊಡ್ಡದು, ವಯಸ್ಸಿನಲ್ಲಿ. ಒಂದು ಸ್ಪೀಕರಿನ ಒಳಗಿನ ಕಾಗದ ಹರಿದಿತ್ತು. ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕಿಂತ ಮುಂದೆ ತಿರುಗಿಸಿದರೆ ಗರಗರ ಅನ್ನುತ್ತಿತ್ತು. ಹಾಡುವವರಿಗೆಲ್ಲ ಒಟ್ಟಿಗೇ ನೆಗಡಿ ಆದ ಹಾಗೆ. ಅದಕ್ಕೆ ಅಮ್ಮ ಗುಂಡಿಯ ನೆತ್ತಿಗೆ ನೇರವಾಗಿ, ಸೆಟ್ಟಿನ ಮೈಮೇಲೆ, ಉಗುರುಬಣ್ಣದ ಒಂದು ಕೆಂಪು ಚುಕ್ಕಿ ಇಟ್ಟಿದ್ದಳು. ‘ಚುಕ್ಕಿ ದಾಟಬೇಡಿ’ ಎನ್ನುವುದು ನಮ್ಮ ಮನೆಯ ಕಾನೂನು.

ಒಂದೂವರೆ ವರ್ಷದ ಹಿಂದೆ ಹೊಸ ಸೆಟ್ಟು ಬಂತು. ಹಟ ಹಿಡಿದು ತರಿಸಿದವಳು ನಾನೇ. ಮೊದಲ ದಿನ ಹಾಕಿದಾಗ, ಸಾಲು ಶುರುವಾಗುವ ಮುಂಚೆ ಹಾಡುವವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಇಷ್ಟು ವರ್ಷ ಒದ್ದೆ ಬಟ್ಟೆ ಮುಚ್ಚಿಕೊಂಡು ಹಾಡು ಕೇಳಿದೆವಲ್ಲ ಅನಿಸಿತು. ಅಮ್ಮ ಅದರ ಮೇಲೂ ಒಂದು ಕೆಂಪು ಚುಕ್ಕಿ ಇಟ್ಟಳು. ಅದೇ ಜಾಗಕ್ಕೆ, ಗುಂಡಿಯ ನೆತ್ತಿಗೆ ನೇರವಾಗಿ. “ನಮ್ಮ ಮನೆ ಅಳತೆ ಇದೇ,” ಅಂದಳು. ಲೋಟದ ಅರ್ಧವೂ ಕೊಡದ ಅರ್ಧವೂ ಒಂದೇ ಅಲ್ಲ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಸದು ಗರಗರ ಅನ್ನಲಿಲ್ಲ. ಗರಗರ ಅನ್ನಲಿಲ್ಲ ಅಂದ ಮೇಲೆ ಜೋರಿಲ್ಲ ಅಂದುಕೊಂಡೆವು.

ಆಮೇಲೆ ಚುಕ್ಕಿಯನ್ನೂ ದಾಟಿಸಿದವಳು ನಾನು. ಒಂದು ತಿಂಗಳಿಗೆ ಅದೇ ಸದ್ದು ಸಪ್ಪೆ ಅನಿಸಿತು, ಒಂಚೂರು ಮುಂದೆ ತಿರುಗಿಸಿದೆ. ಇನ್ನೆರಡು ತಿಂಗಳಿಗೆ ಇನ್ನೊಂಚೂರು. ನನ್ನ ದನಿ ಎದುರಿಗೆ ನಿಂತವರಿಗೂ ಕೇಳಿಸುವುದಿಲ್ಲ. ನನ್ನ ಸೆಟ್ಟಿನ ದನಿ ಬೀದಿಯ ತಿರುವಿನ ತನಕ ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ, ಅದು ನನಗೆ ಹೆಮ್ಮೆಯಾಗಿತ್ತು.

ಸಂಜೆ ಸೆಟ್ಟು ಆರಿಸಿದಾಗ ಕಿವಿಯೊಳಗೆ ಹತ್ತಿ ತುರುಕಿದ ಹಾಗಾಗುತ್ತಿತ್ತು. ದಣಿವು ಅಂದುಕೊಂಡೆ. ಅಪ್ಪ ಮಾತು ಮಾತಿಗೆ “ಆಂ?” ಅನ್ನತೊಡಗಿದರು. ಸ್ಕ್ರೂಡ್ರೈವರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದರು. ನಾನು ಎಲ್ಲವನ್ನೂ ನೋಡಿದೆ. ಬಾಯಿ ಬಿಟ್ಟರೆ ನನ್ನ ಹಾಡಿನ ಸದ್ದು ಇಳಿಸುತ್ತಾರೆ ಅಂತ ಸುಮ್ಮನಿದ್ದೆ.

ಕಾಲರ್ ಅತ್ತೆಯ ಮಿಷನ್ ಮುಗಿದ ದಿನ ಅಪ್ಪ ಚಕ್ರವನ್ನು ಮೂರು ನಾಲ್ಕು ಸಲ ತಿರುಗಿಸಿದರು. ಆಮೇಲೆ ನನ್ನ ಕಡೆಗೆ ಸ್ಕ್ರೂಡ್ರೈವರ್ ಚಾಚಿದರು. “ಪುಟ್ಟಿ, ನೀನೊಂದು ಸಲ ಕೇಳಿ ನೋಡು. ನಂಗ್ಯಾಕೋ ಸರಿಯಾಗಿ ಗೊತ್ತಾಗ್ತಿಲ್ಲ.”

ಅಪ್ಪ ಯಾರನ್ನೂ ಹಾಗೆ ಕೇಳಿದವರಲ್ಲ. ಅದೇ ಮೊದಲು. ಅಷ್ಟರಲ್ಲಿ ನನಗೆ ತುಂಬ ಇಷ್ಟವಾದ ಹಾಡು ನಾನು ಕಾಯುತ್ತಿದ್ದ ಸಾಲಿಗೆ ಬಂದಿತ್ತು. ಸೆಟ್ಟು ಆರಿಸಬೇಕಿತ್ತು. ಆರಿಸಲಿಲ್ಲ. ಹಿಡಿಯನ್ನು ಕಿವಿಗಿಟ್ಟುಕೊಂಡೆ, ಚಕ್ರವನ್ನು ಒಂದು ಸುತ್ತು ತಿರುಗಿಸಿದೆ. ಕೇಳಿಸಿದ್ದು ಹಾಡು ಮಾತ್ರ.

“ಸರಿಯಾಗಿದೆ ಅಪ್ಪ,” ಅಂದೆ.

ಈಗ ಅದೇ ಮಿಷನ್ ನಮ್ಮ ಮುಂದಿತ್ತು. ಅಪ್ಪ ಹೊಸ ಸೂಜಿ ಹಾಕಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಚಕ್ರ ತಿರುಗಿಸಿದರು. ಅವತ್ತು ಬೆಳಿಗ್ಗೆ ಸೆಟ್ಟು ಹಾಕಿರಲಿಲ್ಲ.

“ಎಲ್ಲೂ ತಗಲ್ತಿಲ್ಲ,” ಅಂದರು. “ನೀವು ಹೊಲಿಯುವಾಗ ಬಟ್ಟೆ ಎಳೆದಿರಬೇಕು.”

“ನಾನಾ?” ಅತ್ತೆ ಸ್ಟೂಲಿನಿಂದ ಎದ್ದೇ ಬಿಟ್ಟರು. “ನಿಮ್ಮ ಮೈಮೇಲಿರೋ ಅಂಗಿಯ ಕಾಲರ್ ಕೂಡ ನಾನೇ ಹೊಲಿದದ್ದು ಮೇಸ್ತ್ರಿ. ಬಟ್ಟೆ ಹಿಡಿಯೋದು ನಂಗೆ ಹೇಳಿಕೊಡ್ತೀರಾ? ಇನ್ನೊಂದು ಸಲ ತಿರುಗಿಸಿ.”

ಅಪ್ಪ ತಿರುಗಿಸಿದರು.

“ಅದೋ! ಟಿಕ್ ಅಂತು. ಇಲ್ಲಿಗೇ ಕೇಳಿಸ್ತಲ್ಲ. ನಿಮಗೆ ಕೇಳಿಸ್ಲಿಲ್ವಾ?”

ನನಗೂ ಕೇಳಿಸಿತು. ಬಾಗಿಲಲ್ಲಿದ್ದ ಅಮ್ಮನಿಗೂ ಕೇಳಿಸಿತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಿಷನ್ನಿಗೆ ಕಿವಿ ಆನಿಸಿಕೊಂಡಿದ್ದ ಅಪ್ಪನಿಗೆ ಮಾತ್ರ ಕೇಳಿಸಲಿಲ್ಲ. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ತಮಾಷೆ ಮಾಡುತ್ತಿದ್ದೇವೆಯೇ ಎನ್ನುವ ಹಾಗೆ ನೋಡಿದರು.

ಅದೇ ಹೊತ್ತಿಗೆ ಮೆಟ್ಟಿಲಿಳಿದು ಮಹಡಿ ಮನೆಯ ಅಕ್ಕ ಬಂದರು. ಅವರು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೋಣೆಯಲ್ಲಿ ಕೆಲಸ ಮಾಡುತ್ತಾರೆ.

“ಏನತ್ತೆ, ಮನೆ ಇಷ್ಟು ತಣ್ಣಗಿದೆ?” ಅಮ್ಮನನ್ನು ಕೇಳಿದರು. “ಕೆಳಗೆ ಕರೆಂಟ್ ಹೋಯ್ತಾ ಅಂತ ನೋಡೋಕೆ ಬಂದೆ.”

ಅಮ್ಮ ನಡೆದದ್ದನ್ನು ಹೇಳಿದಳು. ಅಕ್ಕನ ನಗು ಇಳಿಯಿತು.

“ಮಾವ, ಒಂದು ಸಲ ಕಿವಿ ಪರೀಕ್ಷೆ ಮಾಡಿಸಿಕೊಳ್ಳೋಣ್ವಾ?”

“ನನ್ನ ಕಿವಿಗೇನು ಬಂದಿದೆ ತಾಯಿ? ಮೂವತ್ತು ವರ್ಷದಿಂದ ಇದೇ ಕಿವಿಯಲ್ಲಿ ಅನ್ನ ದುಡಿದಿದ್ದೀನಿ.”

“ಅದಕ್ಕೇ ಹೇಳಿದ್ದು. ಪುಟ್ಟಿ, ಸೆಟ್ಟು ಹಾಕು. ದಿನಾ ಎಷ್ಟು ಇಡ್ತೀಯೋ ಅಷ್ಟೇ ಇಡು. ನನ್ನ ಮುಖ ನೋಡಿ ಕಮ್ಮಿ ಮಾಡಬೇಡ.”

ನಾನು ಗುಂಡಿ ತಿರುಗಿಸಿದೆ. ಚುಕ್ಕಿ ದಾಟಿ ನನ್ನ ಬೆರಳುಗಳು ತಾವಾಗಿಯೇ ಹೋಗಿ ನಿಂತವು. ಕಾಲರ್ ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. “ಅಯ್ಯೋ! ಇದೇನು ಮನೆನಾ, ರೈಲು ನಿಲ್ದಾಣನಾ?”

ಅಕ್ಕ ತನ್ನ ಫೋನನ್ನು ಅಪ್ಪ ಕೂರುವ ಜಾಗದಲ್ಲಿ ಹಿಡಿದರು. ಸದ್ದು ಅಳೆಯುವ ಒಂದು ಆ್ಯಪ್ ಅದರಲ್ಲಿತ್ತು. ಅಂಕಿ ತೊಂಬತ್ತು ದಾಟಿ ಕುಣಿಯುತ್ತಿತ್ತು. ಆಮೇಲೆ ಅವರು ಅಪ್ಪನಿಂದ ಒಂದು ತೋಳಿನಷ್ಟು ದೂರ ನಿಂತು ಏನೋ ಹೇಳಿದರು. ಅಪ್ಪ “ಆಂ?” ಅಂದರು. ನನಗೂ ಕೇಳಿಸಲಿಲ್ಲ. ಅಕ್ಕ ಸನ್ನೆ ಮಾಡಿದರು, ನಾನು ಆರಿಸಿದೆ.

“ತೋಳಿನಷ್ಟು ದೂರದಲ್ಲಿ ನಿಂತವರ ಜೊತೆ ಕೂಗದೆ ಮಾತಾಡೋಕೆ ಆಗ್ಲಿಲ್ಲ ಅಂದ್ರೆ ಆ ಸದ್ದು ಕಿವಿಗೆ ಜಾಸ್ತಿ ಅಂತ ಅರ್ಥ ಮಾವ. ಫೋನೂ ಬೇಡ, ಮೀಟರೂ ಬೇಡ. ಇಷ್ಟು ನೋಡಿದ್ರೆ ಸಾಕು.”

“ಅದು ಹೇಗೆ ಜಾಸ್ತಿ ಆಗುತ್ತೆ?” ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ. “ಹಳೇ ಸೆಟ್ಟು ಕಿವಿ ಕೊರೀತಿತ್ತು. ಇದು ಹಾಲು ಸುರಿದ ಹಾಗಿದೆ. ಇಷ್ಟು ನುಣ್ಣಗಿರೋ ಸದ್ದು ಕಿವಿಗೆ ಏನು ಮಾಡುತ್ತೆ?”

“ಅಲ್ಲೇ ಎಲ್ಲರೂ ತಪ್ಪೋದು. ಹಳೇ ಸೆಟ್ಟು ಜೋರು ಮಾಡಿದ್ರೆ ಒಡೀತಿತ್ತು. ‘ಸಾಕು’ ಅಂತ ಅದೇ ಹೇಳ್ತಿತ್ತು. ಒಳ್ಳೆ ಸೆಟ್ಟು ಒಡೆಯೋದಿಲ್ಲ. ಎಷ್ಟು ಏರಿಸಿದ್ರೂ ಹಿತವಾಗೇ ಇರುತ್ತೆ. ಅದು ಹೇಳೋದಿಲ್ಲ, ನಾವೇ ಹೇಳ್ಕೋಬೇಕು. ಸದ್ದು ನುಣ್ಣಗಿದ್ರೂ ಕಿವಿಯೊಳಗೆ ಬೀಳೋ ಪೆಟ್ಟು ಪೆಟ್ಟೇ. ಎಂಬತ್ತು ಡೆಸಿಬೆಲ್ ಆದ್ರೆ ವಾರಕ್ಕೆ ನಲವತ್ತು ಗಂಟೆ ಕೇಳಬಹುದು ಅಂತಾರೆ. ತೊಂಬತ್ತಾದ್ರೆ ವಾರಕ್ಕೆ ನಾಲ್ಕೇ ಗಂಟೆ. ನಿಮ್ಮನೇಲಿ ಅಷ್ಟು ಒಂದೇ ದಿನಕ್ಕೆ ಮುಗಿಯುತ್ತೆ.”

“ಹಾಗಾದ್ರೆ ಆ ಸೆಟ್ಟೇ ಮನೆಹಾಳ,” ಅಂದಳು ಅಮ್ಮ.

“ಪಾಪ, ಸೆಟ್ಟು ಏನು ಮಾಡೀತು ಅತ್ತೆ? ಒಳ್ಳೆ ಸೆಟ್ಟಿನ ಲಾಭ ಏನಂದ್ರೆ ಕಮ್ಮಿ ಸದ್ದಲ್ಲೂ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳಿಸುತ್ತೆ. ಹಳೇದಕ್ಕಿಂತ ಇಳಿಸಬಹುದಿತ್ತು. ನೀವು ಏರಿಸಿದ್ರಿ.”

ಅಪ್ಪ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಆಮೇಲೆ ತಲೆಯಾಡಿಸಿದರು.

“ನೀನು ಓದಿದವಳು, ಹೇಳ್ತೀಯ. ನನ್ನ ಕಿವಿ ಮುದಿಯಾಗಿದೆ ಅಂತಾನೇ ಇಟ್ಕೊ. ಆದ್ರೆ ಈ ಮಿಷನ್ ಕಳಿಸೋ ಮುಂಚೆ ನನ್ನ ಮಗಳೂ ಕೇಳಿ ನೋಡಿದ್ದಾಳೆ. ಸರಿಯಾಗಿದೆ ಅಂದಳು. ಅವಳದು ಎಳೇ ಕಿವಿ. ಅವಳು ಮಾತಾಡೋದು ಕಮ್ಮಿ, ಆಡಿದ್ರೆ ಸುಳ್ಳಾಡೋ ಮಗು ಅಲ್ಲ. ಅಂದಮೇಲೆ ದೋಷ ಆಮೇಲೆ ಬಂದಿರಬೇಕು. ಕಿವಿಯದ್ದೂ ಅಲ್ಲ, ಸೆಟ್ಟಿಂದೂ ಅಲ್ಲ. ಕೇಳು ಬೇಕಾದ್ರೆ ಅವಳನ್ನೇ.”

ಎಲ್ಲರೂ ನನ್ನ ಕಡೆ ತಿರುಗಿದರು.

ಭೂಮಿ ಬಾಯಿಬಿಡಬಾರದೇ ಅನಿಸಿತು. ಒಂದು ‘ಹೂಂ’ ಅಂದಿದ್ದರೆ ಸಾಕಿತ್ತು. ಅಪ್ಪ ಪರೀಕ್ಷೆಗೆ ಹೋಗುತ್ತಿರಲಿಲ್ಲ, ಕಾಲರ್ ಅತ್ತೆ ತಪ್ಪನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು, ನನ್ನ ಸೆಟ್ಟು ಹಾಡುತ್ತಿತ್ತು. ಅತ್ತೆಯ ಕೆನ್ನೆಯ ಪಟ್ಟಿಯ ಅಂಚಿನಲ್ಲಿ ಔಷಧಿಯ ಹಳದಿ ಬಣ್ಣ ಇಳಿದಿತ್ತು. ಅದನ್ನೇ ನೋಡುತ್ತ ನಿಂತೆ.

“ನಾನು ಕೇಳಲಿಲ್ಲ,” ಅಂದೆ.

“ಜೋರಾಗಿ ಹೇಳು,” ಅಂದರು ಅಪ್ಪ.

“ನಾನು ಕೇಳಲಿಲ್ಲ ಅಪ್ಪ. ಹಾಡು ನಡೀತಿತ್ತು. ಆರಿಸೋಕೆ ಮನಸ್ಸು ಬರಲಿಲ್ಲ. ಸುಮ್ಮನೆ ಕಿವಿಗೆ ಇಟ್ಕೊಂಡೆ, ಸರಿಯಾಗಿದೆ ಅಂದುಬಿಟ್ಟೆ. ನಿಮಗೆ ಕಿವಿ ಮಂದ ಆಗ್ತಿರೋದೂ ನಂಗೆ ಗೊತ್ತಿತ್ತು. ಮೊದಲಿಂದ ಗೊತ್ತಿತ್ತು.”

ಅಮ್ಮ ಬಾಯಿಗೆ ಕೈಯಿಟ್ಟುಕೊಂಡಳು. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

“ಒಂದು ಹಾಡು ನಿಲ್ಲಿಸೋಕೆ ಎಷ್ಟು ಹೊತ್ತು ಬೇಕಿತ್ತು ಪುಟ್ಟಿ?” ಅಂದರು. ಅಷ್ಟೇ.

ಅವರು ಕಾಲರ್ ಅತ್ತೆಯ ಕಡೆ ತಿರುಗಿ, “ತಪ್ಪು ನಮ್ಮ ಮನೆಯದು. ನಿಮ್ಮ ಮೇಲೆ ಹಾಕೋಕೆ ಹೋದೆ, ಮನ್ನಿಸಿಬಿಡಿ,” ಅಂದು ಕೈ ಮುಗಿದರು. ಇಡೀ ಬೀದಿ ಮೇಸ್ತ್ರಿ ಎಂದು ಕರೆಯುವ ನನ್ನ ಅಪ್ಪ, ನನ್ನ ಸಲುವಾಗಿ ಕೈ ಮುಗಿದು ನಿಂತಿದ್ದರು.

“ಬಿಡಿ ಮೇಸ್ತ್ರಿ, ಕೆನ್ನೆ ತಾನೆ, ವಾಸಿಯಾಗುತ್ತೆ,” ಅತ್ತೆ ಅಂದರು. ಆಮೇಲೆ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. “ಈ ಹುಡುಗಿ ಇಷ್ಟುದ್ದ ಮಾತಾಡಿದ್ದು ಇವತ್ತೇ ಕೇಳಿದ್ದು. ಅದೇ ಬಾಯಿ ನಾಲ್ಕು ದಿನ ಮುಂಚೆ ಬಿಟ್ಟಿದ್ರೆ ನಂಗೆ ಈ ಪಟ್ಟಿ ಇರ್ತಿರಲಿಲ್ಲ ಕಣೇ.”

ಮಾರನೆಯ ದಿನವೇ ಮನೆಯ ಮೂವರೂ ಆಸ್ಪತ್ರೆಗೆ ಹೋದೆವು. ಒಂದು ಗೂಡಿನಂಥ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಅಪ್ಪ ಒಳಗೆ ಕೂತರು. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಸಣ್ಣ ಬಟನ್ ಕೊಟ್ಟರು. ಸದ್ದು ಕೇಳಿಸಿದ ಕೂಡಲೇ ಒತ್ತಬೇಕು. ನೋವಿಲ್ಲ, ಸೂಜಿ ಇಲ್ಲ, ಅರ್ಧ ಗಂಟೆಯ ಕೆಲಸ. ಅಕ್ಕ ಹೊರಗೆ ಕೂತು ಒಂದೊಂದೇ ಸದ್ದು ಕಳಿಸುತ್ತಿದ್ದರು. ಮೊದಮೊದಲು ಅಪ್ಪ ಚಕಚಕನೆ ಒತ್ತಿದರು. ಸಣ್ಣ ಸದ್ದುಗಳಿಗೆ ಬಂದಾಗ ಅವರ ಹೆಬ್ಬೆರಳು ಬಟನ್ನಿನ ಮೇಲೆ ಹಾಗೇ ನಿಂತಿತು. ಇಲ್ಲಿ ಅಕ್ಕ ಸದ್ದು ಕಳಿಸುತ್ತಲೇ ಇದ್ದರು. ಅಲ್ಲಿ ಅಪ್ಪ, ಇನ್ನೂ ಶುರುವಾಗಿಲ್ಲ ಅಂದುಕೊಂಡು, ಶಾಲೆಯ ಹುಡುಗನಂತೆ ನೆಟ್ಟಗೆ ಕೂತು ಕಾಯುತ್ತಿದ್ದರು. ನಾನು ಕಿಟಕಿಯಿಂದ ಮುಖ ತಿರುಗಿಸಿಕೊಂಡೆ.

ಡಾಕ್ಟರು ಸುತ್ತಿಬಳಸದೆ ಹೇಳಿದರು. ಸಣ್ಣ, ಚೂಪಾದ ಸದ್ದುಗಳನ್ನು ಹಿಡಿಯುವ ಶಕ್ತಿ ಎರಡೂ ಕಿವಿಗಳಲ್ಲಿ ಕಡಿಮೆಯಾಗಿದೆ, ಎಡಗಿವಿಯಲ್ಲಿ ಹೆಚ್ಚು. ವಯಸ್ಸಿನ ಪಾಲು ಇದೆ, ವರ್ಷಗಟ್ಟಲೆ ಮಿಷನ್ನುಗಳ ನಡುವೆ ಕೂತದ್ದರ ಪಾಲೂ ಇದೆ. ಅದರ ಮೇಲೆ ಒಂದೂವರೆ ವರ್ಷದ ಜೋರು ಹಾಡು. ಹೀಗೆ ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಬೇಕಾದಾಗ ಕಿವಿಗೆ ಹಾಕುವ ಯಂತ್ರ ಇದೆ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಅಮ್ಮನ ಕಿವಿ ಚೆನ್ನಾಗಿದೆ. ಅವಳು ಅಡುಗೆಮನೆಯಲ್ಲೇ ಇದ್ದದ್ದು ಒಳ್ಳೆಯದಾಯಿತು. ನನ್ನ ಕಿವಿ ಇನ್ನೂ ಹಾಳಾಗಿಲ್ಲ, ಆದರೆ ಅಂಚಿನಲ್ಲಿದೆ. ಸಂಜೆ ಹತ್ತಿ ತುರುಕಿದ ಹಾಗೆ ಆಗುತ್ತಿತ್ತಲ್ಲ, ಅದು ದಣಿವಲ್ಲ, ಕಿವಿ ಕೊಡುತ್ತಿದ್ದ ಎಚ್ಚರಿಕೆ ಎಂದರು.

ಮನೆಗೆ ಬಂದು ಅಮ್ಮ ಚುಕ್ಕಿಯನ್ನು ಉಜ್ಜಿ ತೆಗೆದಳು. ಅಕ್ಕ ಹೇಳಿದಂತೆ ಸೆಟ್ಟನ್ನು ಸೊನ್ನೆಯಿಂದ ಶುರುಮಾಡಿದೆವು. ಅಪ್ಪ ಅಮ್ಮ ಕೋಣೆಯ ಎರಡು ತುದಿಯಲ್ಲಿ ಕೂತು ಮಾಮೂಲಿ ದನಿಯಲ್ಲಿ ಮಾತಾಡಿದರು. ಆ ಮಾತು ಅಡಗಿಹೋಗದಷ್ಟಕ್ಕೆ ನಾನು ಗುಂಡಿ ನಿಲ್ಲಿಸಿದೆ. ಮೊದಲ ವಾರ ಹಾಡು ಪಕ್ಕದ ಮನೆಯಿಂದ ಬಂದ ಹಾಗಿತ್ತು. ಕೈ ತುರಿಸುತ್ತಿತ್ತು, ತಡೆದುಕೊಂಡೆ. ಎರಡನೆಯ ವಾರ ಆ ಹಾಡುವವಳ ಉಸಿರು ಮತ್ತೆ ಕೇಳಿಸಿತು. ಅದನ್ನು ಕೇಳಲು ಜೋರು ಬೇಕಾಗಿರಲೇ ಇಲ್ಲ. ಅಪ್ಪ ಮಿಷನ್ನಿಗೆ ಕಿವಿ ಕೊಡುವಾಗ ಈಗ ಸೆಟ್ಟು ಪೂರ್ತಿ ಆರಿರುತ್ತದೆ.

ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಗೂ ಹೊಸ ಸೆಟ್ಟು ಬರಬಹುದು, ದೊಡ್ಡ ಸ್ಪೀಕರಿನ ಟಿವಿ ಬರಬಹುದು. ತನ್ನಿ, ಸಂತೋಷವಾಗಿ ಕೇಳಿ. ಹಳೆಯದರ ಅಳತೆಯನ್ನು ಮಾತ್ರ ಹೊಸದಕ್ಕೆ ಇಡಬೇಡಿ. ಒಡೆಯುತ್ತಿಲ್ಲ, ಕೊರೆಯುತ್ತಿಲ್ಲ ಎಂದ ಮಾತ್ರಕ್ಕೆ ಸದ್ದು ಕಡಿಮೆ ಇದೆ ಅಂತ ನಂಬಬೇಡಿ. ತೋಳಿನಷ್ಟು ದೂರದವರ ಮಾತು ಕೇಳಿಸುತ್ತಿದೆಯೇ ನೋಡಿ. ನಡುನಡುವೆ ಆರಿಸಿ ಕಿವಿಗೆ ಬಿಡುವು ಕೊಡಿ. ಕಿವಿ ಗುಂಯ್‌ಗುಟ್ಟಿದರೆ, ಮನೆಯಲ್ಲಿ ಯಾರಾದರೂ ಮಾತು ಮಾತಿಗೆ “ಆಂ?” ಎಂದರೆ, ನಗಬೇಡಿ, ಸುಮ್ಮನಿರಬೇಡಿ, ಪರೀಕ್ಷೆಗೆ ಕರೆದುಕೊಂಡು ಹೋಗಿ. ನೋಡಿಯೂ ಹೇಳದೆ ಇದ್ದವಳು ನಾನು. ನೀವು ಹಾಗೆ ಮಾಡಬೇಡಿ.

ಅಪ್ಪ ಈಗಲೂ ರಿಪೇರಿ ಮಾಡುತ್ತಾರೆ. ಕೊನೆಗೆ ಒಂದು ಸಲ ಬೇರೆಯವರ ಕಿವಿಯಲ್ಲಿ ಕೇಳಿಸಿಯೇ ಮಿಷನ್ ಕಳಿಸುತ್ತಾರೆ. ಅಡುಗೆಮನೆಯಿಂದ ಅಮ್ಮನನ್ನು ಕರೆಯುತ್ತಾರೆ. ಅಮ್ಮ ಇಲ್ಲದಿದ್ದರೆ ಮಿಷನ್ ತಂದವರಿಗೇ ಕೊಟ್ಟು, “ನೀವೇ ಕೇಳಿ ನೋಡಿ,” ಅನ್ನುತ್ತಾರೆ. ಪಕ್ಕದಲ್ಲೇ ಕೂತಿರುವ ನನ್ನನ್ನು ಕರೆಯುವುದಿಲ್ಲ.

ನಿನ್ನೆ ಮಧ್ಯಾಹ್ನ ಅಮ್ಮ ಹೊರಗೆ ಹೋಗಿದ್ದಳು. ಗಿರಾಕಿಗಳೂ ಇರಲಿಲ್ಲ. ಅಪ್ಪ ಒಂದು ಮಿಷನ್ ಮುಗಿಸಿ ಚಕ್ರ ತಿರುಗಿಸುತ್ತಿದ್ದರು. ಒಂದು ಸಲ ಬಾಗಿಲ ಕಡೆ ನೋಡಿದರು, ಮತ್ತೆ ತಿರುಗಿಸಿದರು. ಸೆಟ್ಟು ಆರಿಸಿಯೇ ಇತ್ತು. ನಾನು ಎದ್ದು ಅವರ ಬಲಗಡೆಗೆ ಬಂದು ನಿಂತೆ, ಕೇಳಿಸುವ ಕಿವಿಯ ಕಡೆಗೆ.

“ಅಪ್ಪ, ಈ ಮಿಷನ್ ನಾನು ಕೇಳಿ ನೋಡ್ತೀನಿ, ಕೊಡಿ,” ಅಂದೆ. ಜೋರಾಗಿಯೇ ಅಂದೆ.

ಅಪ್ಪ ಒಮ್ಮೆ ನನ್ನ ಮುಖ ನೋಡಿದರು, ಚಕ್ರ ತಿರುಗಿಸುತ್ತಲೇ ಇದ್ದರು.